ರಾಟ್‌ವೀಲರ್ ಮರಿ ತರೋಕ್ ಮುಂಚೆ: ತಳಿ ಎಷ್ಟು ಅಪಾಯ, ಸಾಕೋರ ಕೈಲಿ ಎಷ್ಟಿದೆ

ಹೊಸ ಮನೆ ಕಟ್ಟಿಸಿದ ತಕ್ಷಣ ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು ಹಾಕಿಸಿ, ಆಮೇಲೆ ಆ ಬೋರ್ಡಿಗೆ ತಕ್ಕ ನಾಯಿ ಹುಡುಕೋ ಜನ ನಮ್ಮಲ್ಲಿ ಬೇಜಾನ್ ಇದಾರೆ. ಹಿಂಗೆ ಹುಡುಕೋವಾಗ ಕಿವಿಗೆ ಬೀಳೋದು ಎರಡೇ ಥರದ ಮಾತು. ಒಂದು, ಪಿಟ್‌ಬುಲ್ ರಾಟ್‌ವೀಲರ್ ಅಂದ್ರೆ ಯಮ, ಸಾಕಿದವರನ್ನೇ ತಿನ್ನತ್ತೆ ಅನ್ನೋದು. ಇನ್ನೊಂದು, ತಳಿಗೂ ಕಚ್ಚೋದಕ್ಕೂ ಸಂಬಂಧನೇ ಇಲ್ಲ, ಎಲ್ಲಾ ಸಾಕೋರ ಮೇಲೆ ಹೋಗತ್ತೆ ಅನ್ನೋದು. ಎರಡನೇದು ಕೇಳೋಕ್ ಚೆನ್ನಾಗಿದೆ, ನಾಯಿ ಮಾರೋರಿಗಂತೂ ಇನ್ನೂ ಚೆನ್ನಾಗಿದೆ. ನನ್ನ ಪ್ರಕಾರ ಎರಡೂ ಅರ್ಧಂಬರ್ಧ. ನಾಯಿ ಕಚ್ಚತ್ತಾ ಇಲ್ವಾ ಅನ್ನೋದು ಜಾಸ್ತಿ ನಿಮ್ಮ ಮೇಲಿದೆ, ಕಚ್ಚಿದ್ರೆ ಎಷ್ಟು ಹಾನಿ ಅನ್ನೋದು ಜಾಸ್ತಿ ನಾಯಿ ಮೇಲಿದೆ. ಒಂದು ಪಮೇರಿಯನ್ ವಿಷಯದಲ್ಲಿ ನೀವು ಮಾಡೋ ಹತ್ತು ತಪ್ಪು ಹೆಂಗೋ ಮುಚ್ಚಿ ಹೋಗತ್ತೆ, 50 ಕೆಜಿ ರಾಟ್‌ವೀಲರ್ ವಿಷಯದಲ್ಲಿ ಒಂದು ತಪ್ಪಿಗೂ ಮಾಫಿ ಇಲ್ಲ. ಇದನ್ನ ಇಟ್ಕೊಂಡೇ ಮುಂದಿಂದೆಲ್ಲ ಹೇಳ್ತೀನಿ.

ಬ್ಯಾನ್ ಆಗಿದೆ ಅಂತಾರಲ್ಲ, ನಿಜಾನಾ?

ಇದನ್ನ ಮೊದಲು ಮುಗಿಸಿಬಿಡೋಣ, ಯಾಕಂದ್ರೆ ಎಲ್ಲರಿಗೂ ಇದೇ ಡೌಟು. 2022ರ ಜುಲೈನಲ್ಲಿ ಲಕ್ನೋದಲ್ಲಿ ಮನೇಲೇ ಸಾಕಿದ ಪಿಟ್‌ಬುಲ್ ಕಚ್ಚಿ 80ರ ಆಸುಪಾಸಿನ ಅಜ್ಜಿ ತೀರ್ಕೊಂಡ್ರು, ಅವರ ಮಗನೇ ಆ ನಾಯಿ ಸಾಕಿದ್ದು. ಆಮೇಲೆ ಗಾಜಿಯಾಬಾದ್ ಥರದ ಕೆಲವು ಊರುಗಳ ಪಾಲಿಕೆಗಳು ತಾವೇ ಕೆಲವು ತಳಿ ಬೇಡ ಅಂದ್ವು. 2024ರ ಮಾರ್ಚ್ 12ಕ್ಕೆ ಕೇಂದ್ರ ಸರ್ಕಾರ ರಾಜ್ಯಗಳಿಗೆಲ್ಲ ಒಂದು ಸರ್ಕ್ಯುಲರ್ ಕಳಿಸ್ತು, 23 ಥರದ ನಾಯಿಗಳನ್ನ ಆಮದು ಮಾಡೋದು, ಬ್ರೀಡ್ ಮಾಡೋದು, ಮಾರೋದು ನಿಲ್ಲಿಸಿ, ಈಗಾಗಲೇ ಸಾಕಿರೋರು ಮರಿ ಆಗದಂಗೆ ಆಪರೇಷನ್ ಮಾಡ್ಸಿ ಅಂತ. ಆ ಪಟ್ಟಿ ಒಂದ್ಸಲ ಓದಿ ನೋಡಿ, ತಮಾಷೆಯಾಗಿದೆ. ಟೋಸಾ ಅನ್ನೋ ಜಪಾನಿನ ತಳಿ ಎರಡು ಕಡೆ ಬರತ್ತೆ, ಒಂದು ಕಡೆ ಸುಮ್ನೆ 'ಟೆರಿಯರ್‌ಗಳು' ಅಂತಿದೆ, ಅಂದ್ರೆ ತೊಡೆ ಮೇಲೆ ಮಲಗೋ ಯಾರ್ಕ್‌ಷೈರ್ ಟೆರಿಯರ್ರೂ ಭಯಂಕರ ನಾಯಿ ಲೆಕ್ಕಕ್ಕೆ ಬರಬೇಕು!

ಅದನ್ನ ಪ್ರಶ್ನೆ ಮಾಡಿ ಬೆಂಗಳೂರಲ್ಲಿ ಕೆಲವರು ಹೈಕೋರ್ಟಿಗೆ ಹೋದ್ರು. 2024ರ ಏಪ್ರಿಲ್ 10ಕ್ಕೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಸರ್ಕ್ಯುಲರ್ ರದ್ದು ಮಾಡಿದ್ರು. ಸಂಬಂಧಪಟ್ಟೋರನ್ನ ಕೇಳದೇ ಮಾಡಿದೀರ, ಬೇಕಿದ್ರೆ ಎಲ್ಲರ ಮಾತು ಕೇಳಿ, ಕಾನೂನು ಪ್ರಕಾರ ಮತ್ತೆ ಮಾಡಿ ಅನ್ನೋದು ಅದರ ಸಾರ. ಜೊತೆಗೆ, ನಾಯಿ ಕಚ್ಚಿದ್ರೆ ಅದಕ್ಕೆ ಮಾಲೀಕರೇ ಹೊಣೆ ಅನ್ನೋ ಮಾತೂ ಆ ತೀರ್ಪಲ್ಲಿ ಬಂತು. ಸಾಕೋರಿಗೆ ಬೇಕಾಗಿರೋ ಮಾತು ಅದು, ಆದ್ರೆ ವಾಟ್ಸಾಪಲ್ಲಿ ಓಡಾಡಿದ್ದು 'ಬ್ಯಾನ್ ಹೋಯ್ತು' ಅನ್ನೋದು ಮಾತ್ರ. ಬೇರೆ ದೇಶದಲ್ಲೂ ಇದೇ ಕಥೆ. ಬ್ರಿಟನ್‌ನಲ್ಲಿ 1991ರಿಂದ ಪಿಟ್‌ಬುಲ್ ಸೇರಿ ನಾಲ್ಕು ಥರದ ನಾಯಿ ನಿಷೇಧ ಇದೆ, ಅದು ಸಾಲದೇ 2023ರ ಕೊನೇಲಿ ಎಕ್ಸೆಲ್ ಬುಲ್ಲಿ ಅನ್ನೋದನ್ನೂ ಸೇರಿಸಿದ್ರು. ನೆದರ್‌ಲ್ಯಾಂಡ್ಸ್‌ನವರು ಪಿಟ್‌ಬುಲ್ ಬ್ಯಾನ್ ಇಟ್ಟು ನೋಡಿ, ಕಚ್ಚೋದೇನೂ ಕಮ್ಮಿ ಆಗ್ಲಿಲ್ಲ ಅಂತ 2008ರಲ್ಲಿ ತೆಗೆದೇ ಹಾಕಿದ್ರು.

ತಳಿ ಜೊತೆ ಏನು ಬರತ್ತೆ

2022ರಲ್ಲಿ 'ಸೈನ್ಸ್' ಪತ್ರಿಕೇಲಿ ಒಂದು ದೊಡ್ಡ ಅಧ್ಯಯನ ಬಂತು, 18 ಸಾವಿರಕ್ಕೂ ಜಾಸ್ತಿ ನಾಯಿಗಳ ಬಗ್ಗೆ ಸಾಕಿದವರನ್ನ ಕೇಳಿ, ಅದರಲ್ಲಿ ಎರಡು ಸಾವಿರದಷ್ಟು ನಾಯಿಗಳ ಜೀನ್ ನೋಡಿ ಮಾಡಿದ್ದು. ನಾಯಿ ನಾಯಿ ಮಧ್ಯೆ ಸ್ವಭಾವದಲ್ಲಿ ಇರೋ ವ್ಯತ್ಯಾಸದಲ್ಲಿ ತಳಿಯಿಂದ ಬರೋದು ಬರೀ 9 ಪರ್ಸೆಂಟ್ ಅಂತ ಸಿಕ್ತು. ಅಂದ್ರೆ ತಳಿ ಹೆಸರು ಕೇಳಿ ಈ ಮರಿ ಹಿಂಗೇ ಇರತ್ತೆ ಅಂತ ಹೇಳೋದು ಸುಳ್ಳು. ಹಂಗಂತ ತಳಿ ಏನೂ ಅಲ್ಲ ಅಂತಲ್ಲ, ಆ ಲೆಕ್ಕದಲ್ಲಿ ದವಡೆ ಶಕ್ತಿ ಇಲ್ಲ, ತೂಕ ಇಲ್ಲ, ಒಂದ್ಸಲ ಹಿಡಿದ್ರೆ ಬಿಡತ್ತಾ ಇಲ್ವಾ ಅನ್ನೋದೂ ಇಲ್ಲ. ಯಾವ ಕೆಲಸಕ್ಕೆ ಅಂತ ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದಾರೆ ಅಂತ ತಿಳ್ಕೊಂಡ್ರೆ ನಿಮ್ಮ ಮನೇಲಿ ಎಲ್ಲಿ ತೊಂದ್ರೆ ಬರಬಹುದು ಅಂತ ಊಹೆ ಮಾಡಬಹುದು, ಅಷ್ಟೇ ಅದರ ಉಪಯೋಗ.

ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಊರಿಂದು, ದನ ಹೊಡ್ಕೊಂಡು ಹೋಗೋದು, ಗಾಡಿ ಎಳೆಯೋದು, ಕಾವಲು ಅದರ ಕೆಲಸ. ಗಂಡು 50 ಕೆಜಿ ಸುಲಭವಾಗಿ ದಾಟತ್ತೆ. ಮನೆಯವರಿಗೆ ಅಂಟ್ಕೊಂಡಿರತ್ತೆ, ಹೊಸಬರನ್ನ ಅಷ್ಟು ಬೇಗ ಸೇರಿಸಲ್ಲ. ಮುಖ್ಯವಾದ್ದು ಏನಂದ್ರೆ ಅದರ ಬುದ್ಧಿ ಬಲಿಯೋದು ಎರಡು ಮೂರು ವರ್ಷಕ್ಕೆ, ಹಂಗಾಗಿ ಒಂದು ವರ್ಷದವರೆಗೂ ಎಲ್ಲರ ಮೇಲೂ ಬಿದ್ದು ಆಡ್ತಿದ್ದ ನಾಯಿ ಒಂದೂವರೆ ವರ್ಷಕ್ಕೆ ಗೇಟ್ ಹತ್ರ ನಿಂತು ಗುರ್ ಅನ್ನೋಕ್ ಶುರು ಮಾಡತ್ತೆ, ಮನೆಯವರು 'ಯಾಕೋ ಇದ್ದಕ್ಕಿದ್ದಂಗೆ ಕೆಟ್ಟೋಯ್ತು' ಅಂತಾರೆ. ಕೆಟ್ಟಿಲ್ಲ ಸ್ವಾಮಿ, ಬೆಳೀತು.

ಪಿಟ್‌ಬುಲ್ ವಂಶದ ಕಥೆ ಬೇರೆ. ಇಂಗ್ಲೆಂಡಲ್ಲಿ ಗೂಳಿ ಮೇಲೆ ನಾಯಿ ಬಿಡೋ ಆಟ ಇತ್ತು, 1835ರಲ್ಲಿ ಅದನ್ನ ಕಾನೂನು ಮಾಡಿ ನಿಲ್ಲಿಸಿದ್ರು, ಆಮೇಲೆ ಗುಟ್ಟಾಗಿ ನಾಯಿ ನಾಯಿ ಕಾಳಗ ಜೋರಾಯ್ತು, ಬುಲ್‌ಡಾಗಿಗೂ ಟೆರಿಯರಿಗೂ ಸೇರಿಸಿ ಹುಟ್ಟಿಸಿದ ನಾಯಿಗಳು ಇವು. ಅದಕ್ಕೇ ಮನುಷ್ಯರ ಜೊತೆ ಬೆಣ್ಣೆ ಥರ ಇರೋ ಪಿಟ್‌ಬುಲ್ಲೂ ಬೇರೆ ನಾಯಿ ಕಂಡ್ರೆ ತಲೆ ಕೆಡಿಸ್ಕೊಳ್ಳಬಹುದು. ಬೀದಿಗೆ ಹತ್ತು ನಾಯಿ ಇರೋ ನಮ್ಮ ಊರುಗಳಲ್ಲಿ ಅದನ್ನ ದಿನಾ ಎರಡು ಹೊತ್ತು ವಾಕಿಂಗ್ ಕರ್ಕೊಂಡು ಹೋಗೋದು ಹೆಂಗಿರತ್ತೆ ಯೋಚನೆ ಮಾಡಿ. ದವಡೆ ಲಾಕ್ ಆಗತ್ತೆ ಅನ್ನೋದು ಮಾತ್ರ ಕಟ್ಟುಕಥೆ, ಅಂಥಾ ಲಾಕ್ ಯಾವ ನಾಯಿ ಬಾಯಲ್ಲೂ ಇಲ್ಲ, ಬಿಡೋಕ್ ಇಷ್ಟ ಇಲ್ಲ ಅಷ್ಟೇ.

ಕಕೇಷಿಯನ್ ಶೆಫರ್ಡ್, ಕಂಗಾಲ್ ಥರದವು ಬೆಟ್ಟದಲ್ಲಿ ಕುರಿ ಹಿಂಡು ಕಾಯೋಕ್ ಇರೋವು, ಕುರುಬ ಹತ್ರ ಇಲ್ಲದಾಗ್ಲೂ ತೋಳ ಬಂದ್ರೆ ತಾವೇ ತೀರ್ಮಾನ ತಗೋಬೇಕು. ಹಂಗೆ ಸ್ವಂತ ತೀರ್ಮಾನ ತಗೊಳ್ಳೋ 60 ಕೆಜಿ ನಾಯಿಯನ್ನ, ಮೈತುಂಬ ಕಂಬಳಿ ಥರ ಕೂದಲಿರೋದನ್ನ, ಅಪಾರ್ಟ್‌ಮೆಂಟ್ ಮೂರನೇ ಮಹಡೀಲಿ ಸಾಕ್ತೀನಿ ಅನ್ನೋರಿಗೆ ನಾನು ಏನೂ ಹೇಳಲ್ಲ.

ನಮ್ಮ ಮುಧೋಳ ನಾಯಿ ಯಾವ ಭಯದ ಪಟ್ಟೀಲೂ ಇಲ್ಲ. ಬಾಗಲಕೋಟೆ ಕಡೆಯ ಬೇಟೆ ನಾಯಿ, ಕಣ್ಣಲ್ಲಿ ನೋಡಿ ಓಡಿ ಹಿಡಿಯೋದು, 2005ರಲ್ಲಿ ಅದರ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಅದಕ್ಕೇ ಅಂತ ಸಂಶೋಧನಾ ಕೇಂದ್ರ ಇದೆ. ಹೊಸಬರು ಮುಟ್ಟಿದ್ರೆ ಸೇರಲ್ಲ, ಬೆಕ್ಕು ಕೋಳಿ ಓಡಿದ್ರೆ ಬೆನ್ನು ಹತ್ತತ್ತೆ. ಬಯಲಲ್ಲಿ ಓಡಿಸೋಕ್ ಆಗದೇ ಶೆಡ್ಡಲ್ಲಿ ಕಟ್ಟಿ ಹಾಕಿದ್ರೆ ಅದೂ ಕಚ್ಚತ್ತೆ. ಲ್ಯಾಬ್ರಡಾರೂ ಕಚ್ಚತ್ತೆ, ತಟ್ಟೆ ಹತ್ರ ಕೈ ಹಾಕಿದಾಗ.

ತರೋಕ್ ಮುಂಚೆ ಮನೇಲಿ ಕೂತು ಕೇಳ್ಕೊಳ್ಳಿ

ಮೊದಲನೇ ಪ್ರಶ್ನೆ ನಾಯಿ ಬಗ್ಗೆ ಅಲ್ಲ, ಬೆಲ್ಟು ಯಾರು ಹಿಡೀತಾರೆ ಅನ್ನೋದು. ನೀವು ಆಫೀಸಿಗೆ ಹೋದ್ಮೇಲೆ ಹಗಲೆಲ್ಲ ನಾಯಿ ಜೊತೆ ಇರೋದು ನಿಮ್ಮಮ್ಮ ಆದ್ರೆ, ಆ ನಾಯಿ ನಿಮ್ಮಮ್ಮನ ಕೈಗೆ ತಕ್ಕಂಗೆ ಇರಬೇಕು, ಜಿಮ್ಮಿಗೆ ಹೋಗೋ ನಿಮ್ಮ ತೋಳಿಗೆ ತಕ್ಕಂಗೆ ಅಲ್ಲ. ಮನೇಲಿ ನಾಯಿ ನಡೆಸೋರಲ್ಲಿ ಎಲ್ಲರಿಗಿಂತ ಕಮ್ಮಿ ಬಲ ಇರೋರು ಯಾರು ಅಂತ ನೋಡಿ, ಅವರು ಹಿಡಿದು ನಿಲ್ಲಿಸೋಕ್ ಆಗದ ನಾಯಿ ತರಬೇಡಿ. ಇದೊಂದು ಪಾಲಿಸಿದ್ರೆ ಅರ್ಧ ರಗಳೆ ಹುಟ್ಟೋದೇ ಇಲ್ಲ.

ಬಾಡಿಗೆ ಮನೇನಾ, ಮುಂದಿನ ವರ್ಷ ಬೇರೆ ಊರಿಗೆ ಟ್ರಾನ್ಸ್‌ಫರ್ ಇದ್ಯಾ, ಮನೇಲಿ ಚಿಕ್ಕ ಮಗು ಇದ್ಯಾ, ಮಗು ಆಗೋದಿದ್ಯಾ, ದಿನಾ ಒಂದು ಗಂಟೆ ನಡೆಸೋಕ್ ಪುರುಸೊತ್ತು ಇದ್ಯಾ. ಇದು ನಿಮಗೂ ಗೊತ್ತಿರೋದೇ, ಉದ್ದ ಎಳೆಯಲ್ಲ.

ಮರಿ ಎಲ್ಲಿಂದ ತರ್ತೀರ ಅನ್ನೋದು ಮಾತ್ರ ಉದ್ದ ಎಳೆಯೋ ವಿಷಯ. ನಾಯಿಮರಿ ಎಂಟು ವಾರ ತುಂಬೋವರೆಗೆ ಮಾರಬಾರದು ಅಂತ 2017ರ ಕೇಂದ್ರದ ಬ್ರೀಡಿಂಗ್ ನಿಯಮದಲ್ಲೇ ಇದೆ. ಆದ್ರೆ ಎಷ್ಟೋ ಕಡೆ ತಿಂಗಳು ತುಂಬ್ತಿದ್ದಂಗೆ ಕೈಗೆ ಕೊಟ್ಟು ಕಳಿಸ್ತಾರೆ, ಚಿಕ್ಕದಿದ್ದಷ್ಟೂ ಮುದ್ದು ಮುದ್ದು ಅಂತ ತಗೊಳ್ಳೋರೂ ಇದಾರೆ. ಆ ಎಂಟು ವಾರದಲ್ಲಿ ಮರಿ ಅಣ್ಣತಮ್ಮಂದಿರ ಜೊತೆ ಕಚ್ಚಾಡಿ, ಜೋರಾಗಿ ಕಚ್ಚಿದ್ರೆ ಇನ್ನೊಂದು ಮರಿ ಕುಂಯ್ ಅಂತ ಆಟ ಬಿಟ್ಟು ಹೋಗತ್ತೆ ಅಂತ ಕಲಿಯತ್ತೆ, ಹಲ್ಲು ಎಷ್ಟು ಒತ್ತಬೇಕು ಅನ್ನೋ ಅಂದಾಜು ಅಲ್ಲೇ ಬರೋದು. ತಾಯಿ ಕೂಡ ಒಂದೆರಡು ಸಲ ಗದರಿಸಿ ಕಲಿಸಿರತ್ತೆ. ಆ ಪಾಠ ತಪ್ಪಿದ ಮರಿ ದೊಡ್ಡದಾದ್ಮೇಲೆ ಸುಮ್ನೆ ಬಾಯಿ ಹಾಕಿದ್ರೂ ರಕ್ತ ಬರತ್ತೆ.

ತಾಯಿನ ನೋಡ್ದೇ ಮರಿ ತಗೋಬೇಡಿ. ಫೋಟೋ ಅಲ್ಲ, ಎದುರಿಗೆ. ನೀವು ಹೋದಾಗ ತಾಯಿ ಹೆದ್ರಿ ಮೂಲೆ ಸೇರತ್ತಾ, ಗ್ರಿಲ್ ಕಿತ್ಕೊಂಡು ಬರತ್ತಾ, ಮೂಸಿ ನೋಡಿ ಸುಮ್ನಾಗತ್ತಾ ನೋಡಿ. ಮರಿ ಹಾಕಿದ ನಾಯಿ ಸ್ವಲ್ಪ ಗುರ್ ಅನ್ನೋದು ಸಹಜ, ಆದ್ರೆ ಮಾಲೀಕರೇ ಹತ್ರ ಹೋಗೋಕ್ ಹೆದರೋ ತಾಯಿಯ ಮರಿ ಬೇಡ. ಅಂಜುಬುರುಕತನ ಆಗ್ಲಿ ರೋಷ ಆಗ್ಲಿ ಸ್ವಲ್ಪ ಮಟ್ಟಿಗೆ ರಕ್ತದಲ್ಲಿ ಬರತ್ತೆ, ಬಸುರಾಗಿರೋವಾಗ ತಾಯಿ ಪಟ್ಟ ಪಾಡೂ ಮರಿಗೆ ತಟ್ಟತ್ತೆ. ಅಪ್ಪ ಚಾಂಪಿಯನ್, ಸರ್ಟಿಫಿಕೇಟ್ ಇದೆ ಅಂದ್ರೆ ಅದು ಮೈಕಟ್ಟಿನ ಸರ್ಟಿಫಿಕೇಟು, ಗುಣದ್ದಲ್ಲ.

ಮೊದಲ ಎರಡು ತಿಂಗಳು

ಮೂರನೇ ವಾರದಿಂದ ಹೆಚ್ಚುಕಮ್ಮಿ ಹನ್ನೆರಡು ಹದಿನಾಲ್ಕನೇ ವಾರದವರೆಗೆ ನಾಯಿಮರಿ ತಲೇಲಿ ಒಂದು ಬಾಗಿಲು ತೆರೆದಿರತ್ತೆ. ಆಗ ನೋಡಿದ್ದೆಲ್ಲ 'ಇದು ಮಾಮೂಲಿ' ಅಂತ ಒಳಗೆ ಹೋಗತ್ತೆ, ಆಮೇಲೆ ಮೊದಲ ಸಲ ನೋಡಿದ್ದೆಲ್ಲ 'ಇದೇನೋ ಇರಬಹುದು' ಅಂತ ಅನುಮಾನ. ಎಂಟನೇ ವಾರಕ್ಕೆ ತಂದ್ರೆ ನಿಮ್ಮ ಕೈಲಿರೋದು ಒಂದು ಒಂದೂವರೆ ತಿಂಗಳು ಅಷ್ಟೇ. ನಮ್ಮವರು ಏನ್ ಮಾಡ್ತಾರೆ ಅಂದ್ರೆ ಇಂಜೆಕ್ಷನ್ ಎಲ್ಲ ಮುಗಿಯೋವರೆಗೆ ಆಚೆ ಬಿಡಬೇಡಿ ಅಂತ ಡಾಕ್ಟರ್ ಹೇಳಿದಾರೆ ಅಂತ ನಾಲ್ಕು ತಿಂಗಳು ಮನೆ ಒಳಗೇ ಇಟ್ಟು, ಐದನೇ ತಿಂಗಳು ರೋಡಿಗೆ ಇಳಿಸ್ತಾರೆ, ಆಗ ಅದಕ್ಕೆ ಆಟೋನೂ ದೆವ್ವ, ಕೊಡೆನೂ ದೆವ್ವ.

ಡಾಕ್ಟರ್ ಮಾತೂ ಸುಳ್ಳಲ್ಲ, ಪಾರ್ವೋ ಅನ್ನೋ ವಾಂತಿಭೇದಿ ಕಾಯಿಲೆ ಬಂದ್ರೆ ಮರಿ ಉಳಿಯೋದು ಕಷ್ಟ. ಹಂಗಾಗಿ ನೆಲಕ್ಕೆ ಬಿಡಬೇಡಿ, ಎತ್ಕೊಂಡು ಹೋಗಿ. ಬಟ್ಟೆ ಚೀಲದಲ್ಲೋ ಕಂಕುಳಲ್ಲೋ ಇಟ್ಕೊಂಡು ಬಸ್ ಸ್ಟ್ಯಾಂಡ್ ಹತ್ರ ಹತ್ತು ನಿಮಿಷ ನಿಂತ್ಕೊಳ್ಳಿ, ಶಾಲೆ ಬಿಡೋ ಹೊತ್ತಲ್ಲಿ ಗೇಟಿನ ಆಚೆ ಬದಿ ನಿಂತ್ಕೊಳ್ಳಿ, ತರಕಾರಿ ಗಾಡಿಯವನ ಕೂಗು ಕೇಳಿಸ್ಲಿ. ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ರೈನ್‌ಕೋಟು, ಪಂಚೆ, ಬುರ್ಖಾ, ಕೋಲು ಊರ್ಕೊಂಡು ಬರೋ ತಾತ, ಗ್ಯಾಸ್ ಸಿಲಿಂಡರ್ ಉರುಳಿಸ್ಕೊಂಡು ಬರೋರು, ಕುಕ್ಕರ್ ವಿಸಿಲ್ಲು, ಮಿಕ್ಸಿ, ಇವೆಲ್ಲ ಮರಿ ನೋಡ್ಬೇಕು, ನೋಡಿದ ಕೂಡ್ಲೇ ಬಾಯಿಗೆ ಒಂದು ಚೂರು ಬೇಯಿಸಿದ ಚಿಕನ್ನೋ ಪನ್ನೀರೋ ಬೀಳ್ಬೇಕು. ತಮಟೆ ಸದ್ದು, ಪಟಾಕಿ ಸದ್ದು ಮೊಬೈಲಲ್ಲಿ ಸಣ್ಣಗೆ ಹಾಕಿ ಊಟದ ಹೊತ್ತಲ್ಲಿ ಕೇಳಿಸಿ, ದಿನಾ ಸ್ವಲ್ಪ ಸ್ವಲ್ಪ ಜೋರು ಮಾಡಿ. ಗಣೇಶನ ಹಬ್ಬಕ್ಕೆ ಮೂರು ದಿನ ಇದೆ ಅನ್ನೋವಾಗ ಶುರು ಮಾಡಿದ್ರೆ ಪ್ರಯೋಜನ ಇಲ್ಲ.

ಒಂದು ಎಚ್ಚರ. ಮರಿ ಹಿಂದಕ್ಕೆ ಎಳೀತಿದ್ರೆ, ಬಾಲ ಕಾಲ ಮಧ್ಯ ಸೇರಿದ್ರೆ, ಕೊಟ್ಟ ಚಿಕನ್ ತಿನ್ತಿಲ್ಲ ಅಂದ್ರೆ ಸಾಕು, ದೂರ ಹೋಗಿ. ಅಭ್ಯಾಸ ಆಗ್ಲಿ ಅಂತ ಬಲವಂತವಾಗಿ ಹತ್ತು ಜನರ ಕೈಗೆ ದಾಟಿಸಿದ್ರೆ ಜನ ಅಂದ್ರೆ ಭಯ ಅನ್ನೋದೇ ಕಲಿಯತ್ತೆ, ಕಚ್ಚೋ ನಾಯಿಗಳಲ್ಲಿ ಹೆಚ್ಚಿನವು ರೋಷದಿಂದಲ್ಲ, ಭಯದಿಂದ ಕಚ್ಚೋವು.

ಮೈ ಮುಟ್ಟಿಸ್ಕೊಳ್ಳೋ ಅಭ್ಯಾಸನೂ ಈಗ್ಲೇ. ದಿನಾ ಕಿವಿ ಒಳಗೆ ನೋಡಿ, ಪಾದ ಹಿಡೀರಿ, ತುಟಿ ಎತ್ತಿ ಹಲ್ಲು ನೋಡಿ, ಒಂದೊಂದಕ್ಕೂ ಒಂದೊಂದು ತುಣುಕು ತಿಂಡಿ. 45 ಕೆಜಿ ಆದ್ಮೇಲೆ ಉಗುರು ಕತ್ತರಿಸೋಕ್ ನಾಲ್ಕು ಜನ ಹಿಡ್ಕೊಳ್ಳೋ ಪರಿಸ್ಥಿತಿ ಬರಬಾರದು ಅಂದ್ರೆ ಇದೇ ದಾರಿ.

ತಟ್ಟೆ, ಗುರ್ ಅನ್ನೋದು, ಮತ್ತೆ ಆ ಗಾದೆ

ತಿನ್ನೋವಾಗ ನಾಯಿ ತಟ್ಟೆ ಕಿತ್ಕೊಂಡು, ಕೈ ಹಾಕಿ ಕಲಸಿ, 'ಯಾರು ಯಜಮಾನ ಅಂತ ಗೊತ್ತಾಗ್ಲಿ' ಅನ್ನೋ ಬುದ್ಧಿವಾದ ಎಲ್ಲಾ ಕಡೆ ಸಿಗತ್ತೆ. ನಿಮ್ಮ ಎಲೆಗೆ ಯಾರಾದ್ರೂ ಊಟದ ಮಧ್ಯ ಕೈ ಹಾಕಿದ್ರೆ ನೀವೇನ್ ಮಾಡ್ತೀರ? ದಿನಾ ಹಂಗೆ ಮಾಡಿದ್ರೆ ನಾಯಿ ನಿಮ್ಮ ಹೆಜ್ಜೆ ಸದ್ದು ಕೇಳಿದ ಕೂಡ್ಲೇ ತಟ್ಟೆ ಮೇಲೆ ಬಗ್ಗತ್ತೆ. ಅದರ ಬದಲು ತಿನ್ತಿರೋವಾಗ ಪಕ್ಕದಲ್ಲಿ ಹಾದು ಹೋಗ್ತಾ ತಟ್ಟೆಗೆ ಇನ್ನೂ ರುಚಿಯಾದ್ದು ಒಂದು ಚೂರು ಹಾಕಿ ಹೋಗಿ. ಮನುಷ್ಯರು ಹತ್ರ ಬಂದ್ರೆ ಜಾಸ್ತಿ ಸಿಗತ್ತೆ ಅಂತ ಗೊತ್ತಾದ ನಾಯಿ ತಟ್ಟೆನ ಯಾಕೆ ಕಾವಲು ಕಾಯತ್ತೆ? ಬಾಯಲ್ಲಿ ಚಪ್ಪಲಿ ಹಿಡ್ಕೊಂಡಿದ್ರೂ ಅಷ್ಟೇ, ಅಟ್ಟಿಸ್ಕೊಂಡು ಹೋಗ್ಬೇಡಿ, ಬೇರೆ ಏನಾದ್ರೂ ಕೊಟ್ಟು ಬದಲಾಯಿಸ್ಕೊಳ್ಳಿ.

ಗುರ್ ಅಂದ್ರೆ ಹೊಡೀಬೇಡಿ. ಇದನ್ನ ಗೋಡೆ ಮೇಲೆ ಬರೆದಿಡಿ ಬೇಕಿದ್ರೆ. ಗುರ್ ಅನ್ನೋದು ನಾಯಿ ಹೇಳೋ ಮಾತು, 'ನನಗೆ ಇದು ಬೇಡ, ದೂರ ಹೋಗು' ಅಂತ. ಆ ಮಾತಿಗೆ ಏಟು ಬಿದ್ರೆ ನಾಯಿಗೆ ಬೇಡ ಅನ್ಸೋದು ಹೋಗಲ್ಲ, ಹೇಳೋದು ಮಾತ್ರ ಬಿಡತ್ತೆ. ಮುಂದಿನ ಸಲ ಸದ್ದಿಲ್ದೇ ನೇರವಾಗಿ ಕಚ್ಚತ್ತೆ, 'ಯಾವ ಸೂಚನೆನೂ ಇಲ್ದೇ ಕಚ್ತು' ಅಂತ ಹೇಳೋ ಎಷ್ಟೋ ಮನೆಗಳಲ್ಲಿ ಆ ಸೂಚನೇನ ಮನೆಯವರೇ ಹೊಡೆದು ಬಾಯಿ ಮುಚ್ಚಿಸಿರ್ತಾರೆ.

ಗುರ್ ಅನ್ನೋಕ್ ಮುಂಚೇನೂ ಸೂಚನೆ ಇರತ್ತೆ. ಇದ್ದಕ್ಕಿದ್ದಂಗೆ ಮೈ ಬಿಗಿಯಾಗಿ ಕಲ್ಲಿನಂಗೆ ನಿಲ್ಲೋದು, ತಲೆ ಆ ಕಡೆ ತಿರುಗಿಸಿ ಕಣ್ಣು ಮಾತ್ರ ಈ ಕಡೆ ಇಟ್ಟು ಬಿಳಿ ಕಾಣೋದು, ಹಸಿವಿಲ್ದೇ ಇದ್ರೂ ತುಟಿ ನೆಕ್ಕೋದು, ನಿದ್ದೆ ಬರದಿದ್ರೂ ಆಕಳಿಸೋದು. ಬಾಲ ಆಡಿಸ್ತಿದೆ ಅಂದ್ರೆ ಖುಷಿ ಅಂತಲೇ ಅಲ್ಲ, ಬಾಲ ಎತ್ತರಕ್ಕೆ ನೆಟ್ಟಗೆ ಇಟ್ಟು ಪಟಪಟ ಅಂತ ಸಣ್ಣಗೆ ಆಡಿಸ್ತಿದ್ರೆ ಹತ್ರ ಹೋಗ್ಬೇಡಿ. ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಂಬ್ಕೊಂಡು ಗೇಟ್ ತೆಗೆದು ಒಳಗೆ ಬರೋ ನೆಂಟರು ಎಲ್ಲರ ಮನೇಲೂ ಒಬ್ಬರಿರ್ತಾರೆ. ಬೊಗಳೋ ನಾಯೀನೂ ಕಚ್ಚತ್ತೆ ಮಾವ, ದಯವಿಟ್ಟು ಆಚೆನೇ ನಿಂತು ಕೂಗಿ.

ಒಳ್ಳೆ ನಾಯಿನ ಕೆಡಿಸೋದು ಹೆಂಗೆ

ಹಗಲೆಲ್ಲ ಕಟ್ಟಿ ಹಾಕಿದ್ರೆ ರಾತ್ರಿ ಜೋರಾಗಿರತ್ತೆ ಅಂತ ನಂಬಿರೋರು ಇದಾರೆ. ಜೋರೇನೋ ಆಗತ್ತೆ, ಯಾರ ಮೇಲೆ ಅನ್ನೋದು ನಿಮ್ಮ ಕೈಲಿರಲ್ಲ. ಚೈನಲ್ಲಿರೋ ನಾಯಿಗೆ ಭಯ ಆದ್ರೆ ಓಡೋಕ್ ಜಾಗ ಇಲ್ಲ, ಉಳಿಯೋದು ಮೇಲೆ ಬೀಳೋದೊಂದೇ. ಮೆಣಸಿನಪುಡಿ ತಿನ್ಸಿದ್ರೆ, ಕತ್ತಲೆ ರೂಮಲ್ಲಿ ಕೂಡಿದ್ರೆ ರೋಷ ಬರತ್ತೆ ಅನ್ನೋದು ಬರೀ ಹಿಂಸೆ. ಹಸಿ ಮಾಂಸ ಹಾಕಿದ್ರೆ ರಕ್ತದ ರುಚಿ ಹತ್ತಿ ಕಚ್ಚತ್ತೆ ಅನ್ನೋದೂ ಸುಳ್ಳು.

ಎಲ್ಲದಕ್ಕಿಂತ ಕೆಟ್ಟದ್ದು ಛೂ ಬಿಡೋದು. ಪೇಪರ್ ಹುಡುಗನ ಮೇಲೆ, ಗೇಟ್ ಮುಂದೆ ಹೋಗೋ ಮಕ್ಕಳ ಮೇಲೆ, ಬೀದಿ ನಾಯಿ ಮೇಲೆ ತಮಾಷೆಗೆ ಛೂ ಅಂತಾರೆ, ನಾಯಿ ಹಾರಿ ಬೊಗಳಿದ್ರೆ ಮನೆಯವರೆಲ್ಲ ನಗ್ತಾರೆ, ನಾಯಿಗೆ ಅದೇ ಬಹುಮಾನ. 'ಅಟ್ಯಾಕ್ ಟ್ರೈನಿಂಗ್' ಕೊಡ್ತೀನಿ ಅಂತ ಬರೋರಿಗೂ ದುಡ್ಡು ಕೊಡಬೇಡಿ. ಪೊಲೀಸ್ ನಾಯಿಗೆ ದಿನಾ ಜೊತೆಗಿರೋ ಹ್ಯಾಂಡ್ಲರ್ ಇರ್ತಾರೆ, ಬಿಡು ಅಂದ್ರೆ ಬಿಡೋದನ್ನ ಹಿಡಿ ಅನ್ನೋದರಷ್ಟೇ ಕಲಿಸಿರ್ತಾರೆ, ನಿಮ್ಮ ಮನೇಲಿ ಅದ್ಯಾವುದೂ ಇರಲ್ಲ. ಮುಳ್ಳಿನ ಕಾಲರ್ ಹಾಕಿ ಎಳೆಯೋದು, ಶಾಕ್ ಕೊಡೋದು, ಬೆನ್ನ ಮೇಲೆ ಮಲಗಿಸಿ ಅದುಮಿ ಹಿಡಿಯೋದು ಮಾಡೋ ಟ್ರೈನರ್‌ಗಳೂ ಬೇಡ. ಟ್ರೈನರ್ ಹೆಂಗೆ ಅಂತ ನೋಡೋಕೆ ಸುಲಭ ಉಪಾಯ, ಅವರು ಮನೆಗೆ ಬಂದಾಗ ಅವರೇ ಸಾಕಿರೋ ನಾಯಿ ಕರ್ಕೊಂಡ್ ಬನ್ನಿ ಅನ್ನಿ, ಆ ನಾಯಿ ಅವರ ಕೈ ಮೇಲೆದ್ದಾಗ ಕುಗ್ಗತ್ತಾ ನೋಡಿ.

ಇನ್ನೊಂದು ಕಡೆ, ಹೊಡೆಯೋದೂ ಇಲ್ಲ ಕಲಿಸೋದೂ ಇಲ್ಲ, ಬರೀ ಮುದ್ದು ಮಾಡೋರು. ಮೂರು ತಿಂಗಳ ರಾಟ್‌ವೀಲರ್ ನೆಂಟರ ಮೇಲೆ ಹಾರಿದ್ರೆ ಕ್ಯೂಟು, ಒಂದೂವರೆ ವರ್ಷಕ್ಕೆ ಅದೇ ಹಾರಿದ್ರೆ ಅತ್ತೆ ಸೊಂಟ ಮುರಿಯತ್ತೆ. ದೊಡ್ಡದಾದಾಗ ಬೇಡದ್ದನ್ನ ಚಿಕ್ಕದಿದ್ದಾಗ್ಲೂ ಬಿಡಬೇಡಿ. ಕೂತ್ಕೋ, ಬಾ, ಬಿಡು, ಇರು, ಈ ನಾಲ್ಕು ಮಾತು ಮನೆಯವರೆಲ್ಲ ಒಂದೇ ಥರ ಹೇಳಿ, ಒಬ್ಬರು 'ಸಿಟ್' ಒಬ್ಬರು 'ಕೂರೋ' ಅಂದ್ರೆ ಪಾಪ ಅದೇನ್ ಮಾಡತ್ತೆ.

ರೋಡಲ್ಲಿ, ಲಿಫ್ಟಲ್ಲಿ, ಮಕ್ಕಳ ಹತ್ರ

ದೊಡ್ಡ ನಾಯಿಗೆ ಗಟ್ಟಿ ಬೆಲ್ಟು, ಐದಾರು ಅಡಿ ಹಗ್ಗ, ಎದೆಗೆ ಕಟ್ಟೋ ಹಾರ್ನೆಸ್ಸು. ಬಟನ್ ಒತ್ತಿದ್ರೆ ಉದ್ದ ಆಗೋ ಹಗ್ಗ ಬೇಡವೇ ಬೇಡ. ಲಿಫ್ಟಲ್ಲಿ ಯಾರಾದ್ರೂ ಇದ್ರೆ ಮುಂದಿನ ಲಿಫ್ಟಿಗೆ ಕಾಯಿರಿ, ನಿಮ್ಮ ನಾಯಿ ಎಷ್ಟೇ ಸಾಧು ಇರ್ಲಿ, ಆಚೆ ಇರೋರಿಗೆ ಹೆದರೋ ಹಕ್ಕಿದೆ.

ಮಜಲ್, ಅಂದ್ರೆ ನಾಯಿ ಬಾಯಿಗೆ ಹಾಕೋ ಕವಚ, ಅವಮಾನ ಅಂತ ಅಂದ್ಕೊಳ್ತಾರೆ. ಬೆಳೆ ಮಧ್ಯೆ ಕುಂಟೆ ಹೊಡೆಯೋವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕಲ್ವಾ, ಹಂಗೆ ಅಂದ್ಕೊಳ್ಳಿ. ಬುಟ್ಟಿ ಥರದ್ದು ತಗೊಳ್ಳಿ, ಅದರಲ್ಲಿ ನಾಯಿ ಬಾಯಿ ತೆಗೆದು ತೇಕಬಹುದು, ನೀರು ಕುಡೀಬಹುದು. ಬಟ್ಟೇದು ಬಾಯಿ ಬಿಗಿಯೋದು, ನಮ್ಮ ಬಿಸಿಲಲ್ಲಿ ಅದು ಹಾಕಿ ನಡೆಸಿದ್ರೆ ಉಸಿರು ಕಟ್ಟತ್ತೆ. ಮರಿಯಿದ್ದಾಗ್ಲೇ ಮಜಲ್ ಒಳಗೆ ತಿಂಡಿ ಇಟ್ಟು ಅದೇ ಮೂತಿ ಹಾಕೋಹಂಗೆ ಮಾಡಿ. ಒಂದಲ್ಲ ಒಂದು ದಿನ ಡಾಕ್ಟರ್ ಹತ್ರ ಗಾಯಕ್ಕೆ ಹೊಲಿಗೆ ಹಾಕ್ಸೋವಾಗ ಬೇಕೇ ಬೇಕಾಗತ್ತೆ.

ಮಕ್ಕಳ ವಿಷಯ ಒಂದೇ ಮಾತು, ದೊಡ್ಡವರು ಯಾರೂ ಇಲ್ದೇ ಚಿಕ್ಕ ಮಗು ಮತ್ತೆ ನಾಯಿ ಒಂದೇ ರೂಮಲ್ಲಿ ಇರಬಾರದು, ಯಾವ ತಳಿ ಆದ್ರೂ. ಮಕ್ಕಳಿಗೆ ಕಚ್ಚೋದು ಹೆಚ್ಚಾಗಿ ಗೊತ್ತಿರೋ ನಾಯೀನೇ, ಮನೇದೋ ಪಕ್ಕದ ಮನೇದೋ, ಮಗು ಎತ್ತರ ನಾಯಿ ಎತ್ತರ ಒಂದೇ ಆದ್ರಿಂದ ಏಟು ಬೀಳೋದು ಮುಖಕ್ಕೆ. ನಾಯಿ ಮಲಗಿದ್ದಾಗ, ತಿನ್ನೋವಾಗ, ಮರಿ ಹಾಕಿದಾಗ ಮುಟ್ಟಬಾರದು ಅಂತ ಮಗುಗೆ ಕಲಿಸಿ. ಕುದುರೆ ಥರ ಮೇಲೆ ಕೂರಿಸಿ ರೀಲ್ ಮಾಡೋ ಅಪ್ಪಂದಿರು ಆ ವಿಡಿಯೋನ ಸೌಂಡ್ ಆಫ್ ಮಾಡಿ ನಾಯಿ ಮುಖ ಮಾತ್ರ ನೋಡಿ ಒಂದ್ಸಲ.

ಕಚ್ಚಿಬಿಡ್ತು, ಈಗ?

ಗಾಯಾನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಸೀದಾ ಆಸ್ಪತ್ರೆ. ರಕ್ತ ಬಂದಿರೋ ಗಾಯ ಆದ್ರೆ ವ್ಯಾಕ್ಸೀನ್ ಜೊತೆ ಇಮ್ಯುನೋಗ್ಲಾಬ್ಯುಲಿನ್ ಅನ್ನೋ, ಗಾಯದ ಸುತ್ತ ಕೊಡೋ ಇಂಜೆಕ್ಷನ್ನೂ ಬೇಕಾಗತ್ತೆ, ನೀವೇ ಕೇಳಿ. ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ, ಏನಾಗಲ್ಲ ಅಂತ ಕಚ್ಚಿಸ್ಕೊಂಡೋರನ್ನ ವಾಪಸ್ ಕಳಿಸಬೇಡಿ, ರೇಬೀಸ್ ಲಕ್ಷಣ ಶುರುವಾದ್ಮೇಲೆ ಉಳಿಸೋ ಔಷಧಿ ಇಲ್ಲ. ನಾಯಿನ ಹತ್ತು ದಿನ ಕಣ್ಣಲ್ಲಿಟ್ಟು ನೋಡಿ, ಕೊಲ್ಲೋದಾಗ್ಲಿ ಎಲ್ಲೋ ಬಿಟ್ಟು ಬರೋದಾಗ್ಲಿ ಮಾಡಿದ್ರೆ ಕಚ್ಚಿಸ್ಕೊಂಡೋರಿಗೆ ಆ ಮಾಹಿತಿನೂ ಹೋಗತ್ತೆ.

ಕೇಸೂ ಆಗತ್ತೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ಪ್ರಾಣಿ ಸಾಕಿ ನಿರ್ಲಕ್ಷ್ಯ ಮಾಡಿ ಬೇರೆಯವರಿಗೆ ಅಪಾಯ ತಂದ್ರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆಸ್ಪತ್ರೆ ಖರ್ಚು ಅದರ ಮೇಲೆ. ನಗರದಲ್ಲಿದ್ರೆ ಪಾಲಿಕೆ ಲೈಸೆನ್ಸ್ ಮಾಡ್ಸಿ, ರೇಬೀಸ್ ಇಂಜೆಕ್ಷನ್ ಬುಕ್ ಜೋಪಾನವಾಗಿಡಿ, ಬೇರೆಯವರಿಗಾದ ಗಾಯಕ್ಕೆ ಕಟ್ಟಿಕೊಡೋ ಪೆಟ್ ಇನ್ಶೂರೆನ್ಸೂ ಸಿಗತ್ತೆ, ದೊಡ್ಡ ನಾಯಿ ಇರೋರು ವಿಚಾರಿಸಿ.

ಇಷ್ಟು ದಿನ ಸುಮ್ನಿದ್ದ ನಾಯಿ ಈಗ ಕಚ್ತು ಅಂದ್ರೆ ಮೊದಲು ಟ್ರೈನರ್ ಅಲ್ಲ, ಡಾಕ್ಟರ್. ಕಿವಿ ಒಳಗೆ ಕೀವು, ಸೊಂಟದ ಮೂಳೆ ನೋವು, ಥೈರಾಯ್ಡ್ ತೊಂದರೆ, ಕಣ್ಣು ಮಂಜಾಗಿರೋದು, ಇವು ಯಾವುದಿದ್ರೂ ಮುಟ್ಟಿದ ಕೂಡ್ಲೇ ಕಚ್ಚಬಹುದು. ಆಪರೇಷನ್ ಮಾಡ್ಸಿದ್ರೆ ಎಲ್ಲಾ ಸರಿ ಹೋಗತ್ತೆ ಅಂತಾರೆ, ಗಂಡುನಾಯಿ ಅಲೆಯೋದು, ಬೇರೆ ಗಂಡುಗಳ ಜೊತೆ ಜಗಳ ಕಮ್ಮಿ ಆಗಬಹುದು, ಭಯದಿಂದ ಕಚ್ಚೋದು ಅದರಿಂದ ಹೋಗಲ್ಲ. ಮೈಯಲ್ಲಿ ಏನೂ ಇಲ್ಲ ಅಂತಾದ್ಮೇಲೆ ನಾಯಿ ಸ್ವಭಾವ ಓದಿರೋ ಬಿಹೇವಿಯರಿಸ್ಟ್ ಹತ್ರ ಹೋಗಿ. ಅಷ್ಟು ದಿನ ಮಜಲ್ಲು, ಬಾಗಿಲಿಗೆ ಅಡ್ಡ ಗೇಟು, ನೆಂಟರು ಬಂದ್ರೆ ಬೇರೆ ರೂಮು.

ಬೆಳೆದ ನಾಯಿ ಸರಿ ಹೋಗಲ್ಲ ಅಂತೇನಿಲ್ಲ. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್‌ಗೆ ಸೇರಿದ ಜಾಗದಲ್ಲಿ ಕಾಳಗಕ್ಕೆ ಅಂತ ಸಾಕಿದ್ದ ಸುಮಾರು 50 ಪಿಟ್‌ಬುಲ್ ಸಿಕ್ವು. ಅಲ್ಲೀವರೆಗೆ ಇಂಥಾ ನಾಯಿಗಳನ್ನ ಸಾಯಿಸೋದೇ ರೂಢಿ, ಈ ಸಲ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದ್ರು, ಹೆಚ್ಚಿನವು ಉಳಿದ್ವು, ಎಷ್ಟೋ ಮನೆಗಳಿಗೂ ಹೋದ್ವು. ಆದ್ರೆ ಅದು ವರ್ಷಗಟ್ಟಲೆ, ಗೊತ್ತಿರೋರು ಕೂತು ಮಾಡಿದ ಕೆಲಸ. ನಿಮ್ಮ ಕೈಲಿ ಆಗ್ತಿಲ್ಲ ಅಂದ್ರೆ ರಿಂಗ್ ರೋಡಲ್ಲಿ, ಹೈವೇ ಪಕ್ಕ ಇಳಿಸಿ ಬರಬೇಡಿ, ಊಟ ನೀರಿಲ್ಲದಂಗೆ ಪ್ರಾಣಿ ಬಿಟ್ಟು ಹೋಗೋದು ಪ್ರಾಣಿ ಹಿಂಸೆ ಕಾಯಿದೆ ಪ್ರಕಾರ ಅಪರಾಧ, ಹಂಗೆ ಬಿಟ್ಟ ರಾಟ್‌ವೀಲರ್ ಹಸಿದು ಹೆದರಿ ಯಾರ ಹೊಲಕ್ಕೆ ನುಗ್ಗತ್ತೋ ಗೊತ್ತಿಲ್ಲ. ಬ್ರೀಡರ್‌ಗೆ ವಾಪಸ್ ತಗೋತೀರಾ ಕೇಳಿ, ಆ ತಳಿ ಸಾಕಿ ಗೊತ್ತಿರೋರನ್ನ ಹುಡುಕಿ. ಕೊಡೋವಾಗ ಯಾರಿಗೆ ಕಚ್ಚಿದೆ, ಯಾವಾಗ, ಏನಾದಾಗ ಅನ್ನೋದನ್ನ ಮುಚ್ಚಿಡದೇ ಬರೆದು, ಇಂಜೆಕ್ಷನ್ ಬುಕ್ ಮತ್ತೆ ಅದರ ಮಜಲ್ ಜೊತೆಗೇ ಕೊಟ್ಟು ಕಳಿಸಿ.